ಜಾಲರಿ ಇಲ್ಲದ ಬೆಲ್ಟು

ಶಿಕಾರಿಪುರದ ಹೊರಗಿನ ಒಂದು ಅಕ್ಕಿ ಗಿರಣಿಯಲ್ಲಿ ದ್ಯಾಮಮ್ಮ ಹೊಟ್ಟು ಗುಡಿಸುತ್ತಿದ್ದಳು. ತಾಳಗುಂದದಿಂದ ಅವಳೂ ಪಕ್ಕದ ಮನೆಯ ಮೂಕಮ್ಮನೂ ಒಂದೇ ಆಟೋದಲ್ಲಿ ಬರುತ್ತಿದ್ದರು. ಯಂತ್ರ ತಿರುಗಿಸುವ ದೊಡ್ಡ ಬೆಲ್ಟಿನ ಸುತ್ತ ಇದ್ದ ಕಬ್ಬಿಣದ ಜಾಲರಿಯನ್ನು ರಿಪೇರಿಗೆಂದು ಬಿಚ್ಚಿದವರು ಮತ್ತೆ ಕೂರಿಸಲಿಲ್ಲ. ಅದು ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿತ್ತು. ಅದನ್ನು ಕೂರಿಸಿ ಎಂದು ದ್ಯಾಮಮ್ಮ ಒಮ್ಮೆ ಮೇಸ್ತ್ರಿ ಉಜ್ಜಪ್ಪನಿಗೆ ಹೇಳಿದ್ದಳು.

"ಸೆರಗು ಸಿಗಿಸ್ಕೊಂಡು ಕೆಲ್ಸ ಮಾಡ್ರಿ. ಹೆದರಿಕಿ ಆದ್ರೆ ಮನ್ಯಾಗಿರ್ರಿ," ಎಂದಿದ್ದ.

ಅವಳು ಮತ್ತೆ ಕೇಳಲಿಲ್ಲ. ದೂರು ಕೊಡಬೇಕೆಂದರೆ ಶಿವಮೊಗ್ಗಕ್ಕೆ ಹೋಗಿ ಹೆಸರು ಬರೆಸಬೇಕು, ಹೆಸರು ಬರೆಸಿದರೆ ಕೆಲಸ ಹೋಗುತ್ತದೆ ಎಂದು ಗಿರಣಿಯ ಹೆಂಗಸರೆಲ್ಲ ನಂಬಿದ್ದರು.

ಭತ್ತದ ಸುಗ್ಗಿಯಲ್ಲಿ ಬೆಲ್ಟು ಮೂಕಮ್ಮನ ಬಲಗೈಯನ್ನು ಎಳೆದುಕೊಂಡಿತು. ಆಸ್ಪತ್ರೆಯಲ್ಲಿ ಮೊಣಕೈಯವರೆಗೆ ತೆಗೆದರು. ದ್ಯಾಮಮ್ಮ ರಕ್ತವನ್ನು ಹೊಟ್ಟಿನ ಜೊತೆಗೇ ಗುಡಿಸಿದಳು. ಅಳು ಬರಲಿಲ್ಲ. ಮರುದಿನ ಆಟೋದಲ್ಲಿ ಒಬ್ಬಳೇ ಬಂದಳು. ಗಿರಣಿ ಓಡುತ್ತಿತ್ತು. ಜಾಲರಿ ಗೋಡೆಗೇ ಒರಗಿತ್ತು.

ಮೂಕಮ್ಮನ ಗಾಯ ನೋಡಲು ಬಂದ ಆಶಾ ಕಾರ್ಯಕರ್ತೆ ಅಶ್ವಿನಿ, ಕಾರ್ಖಾನೆಗಳ ಮೇಲೆ ದೂರು ಹೇಳುವ ಸರ್ಕಾರಿ ನಂಬರೊಂದನ್ನು ದ್ಯಾಮಮ್ಮನಿಗೆ ಕೊಟ್ಟಳು. "ಇಲ್ಲಿಗೆ ಫೋನ್ ಮಾಡಿ ಹೇಳ್ರಿ. ಹೆಸರು ಕೇಳಂಗಿಲ್ಲ."

ಗುರುತಿನವರು ಸಿಗಬಾರದೆಂದು ದ್ಯಾಮಮ್ಮ ರಜೆಯ ದಿನ ಸೊರಬಕ್ಕೆ ಹೋಗಿ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಫೋನ್ ಮಾಡಿದಳು. ಆಚೆಯಿಂದ ಒಬ್ಬ ಹೆಂಗಸು ಮಾತಾಡಿದಳು.

"ಹೆಸರು ಹೇಳ್ಬೇಕೇನ್ರೀ?"

"ಬೇಡಮ್ಮ. ಗಿರಣಿ ಎಲ್ಲಿದೆ, ಏನಾಗಿದೆ, ಅಷ್ಟು ಹೇಳಿ."

ದ್ಯಾಮಮ್ಮ ಹೇಳಿದಳು. ಆ ಹೆಂಗಸು ಅದನ್ನೇ ತಿರುಗಿ ಓದಿ, ಸರಿಯಿದೆಯಾ ಎಂದು ಕೇಳಿದಳು.

"ಮುಗೀತೇನ್ರೀ?"

"ಮುಗೀತಮ್ಮ. ಬಂದು ನೋಡ್ತಾರೆ."

ಶಿಕಾರಿಪುರದ ಬಸ್ಸು ಬಂತು, ತುಂಬಿಕೊಂಡು ಹೋಯಿತು. ದ್ಯಾಮಮ್ಮ ಏಳಲಿಲ್ಲ. ಇಷ್ಟೇ ಎಂದು ಗೊತ್ತಿದ್ದರೆ ಸುಗ್ಗಿಗೆ ಮುಂಚೆಯೇ ಹೇಳಬಹುದಿತ್ತು ಎಂದುಕೊಂಡಳು. ಹಾಗೆ ಅಂದುಕೊಂಡರೂ ಎದೆಯಲ್ಲಿ ಏನೂ ಅಲುಗಲಿಲ್ಲ.

ಅಧಿಕಾರಿಗಳು ಬಂದು, ಜಾಲರಿ ಕೂರಿಸುವವರೆಗೆ ಗಿರಣಿ ನಿಲ್ಲಿಸಿದರು. ಉಜ್ಜಪ್ಪ ಹೆಂಗಸರನ್ನೆಲ್ಲ ಕರೆದು ಯಾರು ಹೇಳಿದ್ದೆಂದು ಕೇಳಿದ. ದ್ಯಾಮಮ್ಮನ ಮುಖವನ್ನೂ ನೋಡಿದ. ಏನೂ ಗೊತ್ತಾಗದೆ ಮುಂದಿನವಳ ಕಡೆ ತಿರುಗಿದ.

ಸಂಜೆ ಅವಳು ಮೂಕಮ್ಮನಿಗೆ ಎಲ್ಲ ಹೇಳಿದಳು.

"ಆ ನಂಬರು ಮೊದ್ಲೂ ಇತ್ತಾ?" ಎಂದಳು ಮೂಕಮ್ಮ.

"ಇತ್ತಂತ."

ಮೂಕಮ್ಮ ಎಡಗೈಯಿಂದ ದಿಂಬಿನಡಿಯ ಫೋನು ತೆಗೆದು ಕೊಟ್ಟಳು.

"ಆ ನಂಬರು ಇದ್ರಾಗೆ ಹಾಕು. ನನ್ ಮಗ್ಳು ತೃಪ್ತಿನೂ ಗಾರ್ಮೆಂಟ್ಸ್ ಕೆಲ್ಸಕ್ಕೆ ಹೋಗ್ತಾಳಲ್ಲ, ಅವಳಿಗೆ ಕಳಿಸ್ತೀನಿ."