ಅರ್ಧಕ್ಕೆ ನಿಂತ ಒಪ್ಪಿಸುವ ಹಾಡು

ರಾಯದುರ್ಗದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಶನಿವಾರದ ಊಟದ ಹೊತ್ತಿಗೆ ಹೊಸ ಚಟವೊಂದು ಹತ್ತಿಕೊಂಡಿದೆ. ವಾರಕ್ಕೊಬ್ಬರು ತಮ್ಮ ಮನಸ್ಸಿಗೆ ಹತ್ತಿರವಾದ ಹಾಡುಗಳನ್ನು ಆರಿಸಿ ಫೋನಿನಲ್ಲಿ ಕೇಳಿಸಬೇಕು, ಯಾಕೆ ಹತ್ತಿರ ಅಂತಲೂ ಹೇಳಬೇಕು. ನನ್ನ ಸರದಿಗೆ ಹಿಂದಿನ ದಿನವೇ ಕೂತು ಆರಿಸಿದೆ. ಕಾಲೇಜಿನ ದಿನಗಳಲ್ಲಿ ಹಿಂದೂಪುರದ ಬಸ್ಸಿನ ಡ್ರೈವರ್ ದಿನಾ ಹಾಕುತ್ತಿದ್ದ ಒಂದು ಸಿನಿಮಾ ಹಾಡು, ನನ್ನ ಗಂಡ ಗಡ್ಡ ಕೆರೆದುಕೊಳ್ಳುತ್ತಾ ತಪ್ಪುತಪ್ಪಾಗಿ ಗುನುಗುವ ಒಂದು ತೆಲುಗು ಹಾಡು, ಹೀಗೆ. ಎಲ್ಲಕ್ಕಿಂತ ಹತ್ತಿರವಾದದ್ದನ್ನು ಮಾತ್ರ ಬೇಕೆಂದೇ ಬಿಟ್ಟೆ. ಅದು ನನ್ನ ಅಮ್ಮ ಹಾಡಿದ್ದು. ಅದನ್ನು ಸುಮ್ಮಸುಮ್ಮನೆ ಹಾಕುವಂತಿಲ್ಲ.

ನಾನು ವಿಜ್ಞಾನ ಪಾಠ ಮಾಡುವವಳು. ಬೆಕ್ಕು ಅಡ್ಡ ಬಂದರೆ ಅದಕ್ಕೇನೋ ಕೆಲಸವಿರಬೇಕು ಎಂದು ಮುಂದೆ ಹೋಗುವವಳು. ಈ ಒಂದು ಹಾಡಿನ ಮುಂದೆ ಮಾತ್ರ ನನ್ನ ವಿಜ್ಞಾನ ಬಾಲ ಮುದುರಿಕೊಳ್ಳುತ್ತದೆ.

ಮಡಕಶಿರದ ಪಕ್ಕದ ನಮ್ಮೂರಿನಲ್ಲಿ ಅಮ್ಮನಿಲ್ಲದೆ ಯಾವ ಮದುವೆ ಮನೆಯಲ್ಲೂ ಸೋಬಾನೆ ಶುರುವಾಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಬೆಂಗಳೂರಿನ ಡಾಕ್ಟರು ಆಪರೇಷನ್ ಆಗಲೇಬೇಕೆಂದರು. ಧ್ವನಿಯ ನರ ಗಂಟಿಗೇ ಅಂಟಿಕೊಂಡಿದೆ, ಧ್ವನಿ ಉಳಿಯುತ್ತದೆಂದು ಮಾತು ಕೊಡಲಾರೆ ಅಂತಲೂ ಅಂದರು. ನಾನು ರಜೆ ಹಾಕಿ ಊರಿಗೆ ಓಡಿದೆ.

ಮನೆಯಲ್ಲಿ ಯಾವುದೂ ಎಂದಿನಂತಿರಲಿಲ್ಲ. ಆ ಸಲ ರೇಷ್ಮೆ ಹುಳು ತಂದಿರಲಿಲ್ಲ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಖಾಲಿಯಾಗಿ ಗೋಡೆಗೆ ಒರಗಿದ್ದವು. ಅಮ್ಮ ತನ್ನ ಸೀರೆಗಳನ್ನು ಮಡಚಿ ಬೇರೆಬೇರೆ ಗಂಟು ಕಟ್ಟುತ್ತಿದ್ದಳು. ಯಾರಿಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಫೋನು ತೆಗೆದು, “ಅಮ್ಮಾ, ನಿಂಗೆ ಇಷ್ಟವಾದ ಹಾಡು ಆರಿಸು, ರೆಕಾರ್ಡ್ ಮಾಡ್ಕೊತೀನಿ” ಅಂದೆ.

“ಇಷ್ಟದ್ದು ಅಂದ್ರೆ ಯಾವ್ದೇ? ಒಂದೊಂದು ಹಾಡಿಗೂ ಅದರದ್ದೇ ಹೊತ್ತಿರ್ತದೆ.”

ಹೊತ್ತಿಲ್ಲದೆ ಹಾಡಿದರೆ ಹಾಡು ಆ ಹೊತ್ತನ್ನೇ ಎಳೆದು ತರುತ್ತದೆ ಎಂಬುದು ಅವಳ ನಂಬಿಕೆ. ತೊಟ್ಟಿಲ ಹಾಡು ಅಂದೆ. ಮಗುವಿಲ್ಲದ ಮನೆಯಲ್ಲಿ ಬೇಡ ಅಂದಳು. ಹಸೆಗೆ ಕರೆಯುವ ಹಾಡು ಅಂದೆ. ಮದುಮಗಳು ಎಲ್ಲಿ ಅಂದಳು. ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುವಾಗಿನದಾದರೂ ಹಾಡು ಅಂದರೆ, “ಮಂಚದ ಮೇಲೆ ಕೂತು ಹಾಡಿದ್ರೆ ಕಳೇನೇ ನಗ್ತದೆ” ಅಂದಳು. ನನಗೆ ಸಿಟ್ಟೇ ಬಂತು. ಧ್ವನಿ ಹೋಗುವ ಹೊತ್ತಿನಲ್ಲೂ ಇದೇನು ಹಟ!

ಆಮೇಲೆ ತಾನಾಗಿಯೇ ಬಂದು ನನ್ನೆದುರು ಕೂತಳು. “ಒಂದು ಹಾಡು ಬಾಕಿ ಉಳ್ದೈತೆ. ನಿನ್ನನ್ನ ಒಪ್ಸೇ ಇಲ್ವಲ್ಲ ನಾನು” ಅಂದಳು.

ನನ್ನ ಮದುವೆ ಕೊರೊನಾ ಕಾಲದಲ್ಲಿ ಆದದ್ದು. ಅಮ್ಮ ಜ್ವರದಿಂದ ಒಳಕೋಣೆಯಲ್ಲಿದ್ದಳು, ಬಾಗಿಲು ಹಾಕಿತ್ತು. ಮಗಳನ್ನು ಗಂಡಿನ ಕಡೆಯವರಿಗೆ ಒಪ್ಪಿಸುವ ಹಾಡು ಇಲ್ಲದೆಯೇ ನಾನು ಕಾರು ಹತ್ತಿದ್ದೆ.

ಅಮ್ಮ ಹಾಡತೊಡಗಿದಳು. ಎರಡನೆಯ ನುಡಿಗೆ ಚಿಕ್ಕಮ್ಮ ಹಿತ್ತಲಿಂದ ಓಡಿ ಬಂದಳು. “ಅಕ್ಕಾ, ಬ್ಯಾಡ! ನಾಳಿದ್ದು ಆಸ್ಪತ್ರೆಗೆ ಹೋಗೋಳು ಯಾರು? ಯಾರನ್ನ ಕಳಿಸ್ತಿದೀಯ ನೀನು?” ಎಂದು ಕೂಗಿದಳು. ನಾನೂ ರೆಕಾರ್ಡಿಂಗ್ ನಿಲ್ಲಿಸಲು ಹೋದೆ. ಅಮ್ಮ ಕೈಯೆತ್ತಿ ತಡೆದು, ಕೊನೆಯ ನುಡಿವರೆಗೂ ಹಾಡಿದಳು. ಹೋಗುವವಳು ಹೊಸಲು ದಾಟುವುದು ಆ ಕೊನೆಯ ನುಡಿಯಲ್ಲೇ. ಮುಗಿಸಿ, “ಇದನ್ನ ಅರ್ಧಕ್ಕೆ ಬಿಡಬಾರ್ದು. ಬಿಟ್ರೆ ಹೋಗೋಳು ಹೊಸಲ ಮೇಲೇ ನಿಂತಿರ್ತಾಳೆ” ಅಂದಳು.

ಆಪರೇಷನ್ ಆಯಿತು. ಅಮ್ಮ ಉಳಿದಳು, ಧ್ವನಿ ಉಳಿಯಲಿಲ್ಲ. ಈಗ ಅವಳ ಮಾತು ಬರೀ ಉಸಿರು. ಫೋನಿನಲ್ಲಿ ಹಲೋ ಎನ್ನುವ ಬದಲು ಬಳೆಯಿಂದ ಕುಟ್ಟುತ್ತಾಳೆ. ಹೋದ ತಿಂಗಳು ಅದೇ ಜಾಗದಲ್ಲಿ ಮತ್ತೆ ಗಂಟು ಕಾಣಿಸಿದೆ. ಡಾಕ್ಟರು ಈ ಸಲ ಆಪರೇಷನ್ ಮಾತೆತ್ತಲಿಲ್ಲ.

ಶನಿವಾರ ನಾನು ಆರಿಸಿದ ಹಾಡುಗಳು ಮುಗಿದವು. ಎಲ್ಲರೂ ನಗುತ್ತಾ ಡಬ್ಬಿ ಮುಚ್ಚುತ್ತಿದ್ದರು. ಫೋನು ಮಾತ್ರ ನಿಲ್ಲದೆ ತಾನೇ ಮುಂದಿನ ಹಾಡಿಗೆ ಹೋಯಿತು. ಅಮ್ಮನ ಧ್ವನಿ, ಆ ತುಂಬಿದ ಹಳೆಯ ಧ್ವನಿ, ಕೋಣೆಯಲ್ಲಿ ಎದ್ದು ನಿಂತಿತು. ನಾನು ಕಲ್ಲಾಗಿ ಕೂತೆ. ಎಚ್ಚೆತ್ತು ಆಫ್ ಮಾಡುವಷ್ಟರಲ್ಲಿ ಹಾಡು ಬಹುದೂರ ಹೋಗಿತ್ತು.

“ಚಂದ ಐತಲ್ರೀ ಮೇಡಂ! ಯಾಕ ನಿಲ್ಲಿಸಿದ್ರಿ?” ಎಂದು ಪಕ್ಕದಲ್ಲಿದ್ದ ಹಿಂದಿ ಟೀಚರು ಕೇಳಿದರು. ವರಾಂಡಕ್ಕೆ ಹೋಗಿ ಮನೆಗೆ ಫೋನು ಮಾಡಿದೆ. ಬಹಳ ಹೊತ್ತು ರಿಂಗಾಯಿತು. ಕೊನೆಗೆ ಯಾರೋ ಎತ್ತಿದರು, ಆದರೆ ಬಳೆಯ ಸದ್ದಿಲ್ಲ.

“ಅಮ್ಮಾ?”

“ಕೈಯೆಲ್ಲ ರಾಗಿ ಹಿಟ್ಟು” ಎಂದಿತು ಉಸಿರು. “ಯಾಕೆ, ಈ ಹೊತ್ನಲ್ಲಿ?”

ಸುಳ್ಳು ಹೇಳಲಾಗಲಿಲ್ಲ. ಹಾಡು ತಾನೇ ಬಂತು ಅಂದೆ.

“ಪೂರ್ತಿ ಬಂತಾ?”

“ಇಲ್ಲ. ಕೊನೇ ನುಡಿಗೆ ಮುಂಚೆ ನಿಲ್ಲಿಸ್ದೆ.”

“ಮನೆಗೆ ಹೋಗಿ ಉಳಿದದ್ದು ಹಾಕ್ಬಿಡು ಮಗಾ. ನಿಂತೂ ನಿಂತೂ ಕಾಲು ನೋಯ್ತದೆ.”

ಯಾರ ಕಾಲು ಎಂದು ನಾನು ಕೇಳಲಿಲ್ಲ. ಹೂಂ ಅಂದೆ. ಅಮ್ಮ ಈಗ ದಿನಾ ಸಂಜೆ ಫೋನಿನಲ್ಲಿ ಬಳೆ ಕುಟ್ಟಿ ಮೊದಲು ಅದನ್ನೇ ಕೇಳುತ್ತಾಳೆ, ಹಾಕಿದ್ಯಾ ಅಂತ. ಪುರುಸೊತ್ತಾಗಲಿಲ್ಲ ಕಣಮ್ಮಾ, ನಾಳೆ ಹಾಕ್ತೀನಿ ಅನ್ನುತ್ತೇನೆ.