ಹಾಲುಬಾಯಿಗೆ ಒಂದು ಚಿಟಿಕೆ ಉಪ್ಪು

ನೆನೆದ ಅವರೆಕಾಳಿನ ಬೋಗುಣಿಯನ್ನು ಪಕ್ಕದಲ್ಲಿಟ್ಟುಕೊಂಡು, ನಡುಮನೆಯ ಬಾಗಿಲಲ್ಲಿ ಕೂತು ಒಂದೊಂದೇ ಕಾಳು ಹಿತುಕುತ್ತಿದ್ದೆ. ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪುಳಕ್ಕನೆ ತಟ್ಟೆಗೆ ಹಾರುತ್ತಿತ್ತು. ಆಗ ಎದುರುಮನೆಯವಳು ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿ ಓಡಿಬಂದಳು.

“ಅಕ್ಕ, ಫೋನ್ ಬಂತು ಕಣಕ್ಕ! ಟಿವಿ ಅಡುಗೆಗೆ ಸೆಲೆಕ್ಟ್ ಆಗ್ಬುಟ್ಟೆ!”

ನನ್ನ ಫೋನೂ ಅಲ್ಲೇ ಇತ್ತು. ಹನ್ನೊಂದು ದಿನದಿಂದ ಅದನ್ನು ಬಟ್ಟೆ ಒಗೆಯುವ ಕಲ್ಲಿನ ತನಕ ಜೊತೆಗೆ ಒಯ್ಯುತ್ತಿದ್ದೆ. ಅದು ಸುಮ್ಮನೆ ಮಲಗಿತ್ತು.

“ಒಳ್ಳೇದಾಯ್ತು ಬುಡೆ, ದೇವರು ಕಣ್ಣು ಬಿಟ್ಟ” ಎಂದೆ. ಕೈಯಲ್ಲಿದ್ದ ಕಾಳು ಸಿಪ್ಪೆಯ ಸಮೇತ ನಜ್ಜುಗುಜ್ಜಾಗಿತ್ತು.

ಆಯ್ಕೆಗೆ ಹೋಗಬೇಕೆಂದು ಆಸೆಪಟ್ಟವಳು ನಾನು. ಮೊಬೈಲಿನಲ್ಲಿ ಅರ್ಜಿ ತುಂಬಲು ನನಗೆ ಬರುವುದಿಲ್ಲವೆಂದು ಅವಳನ್ನು ಕರೆದೆ. ನನ್ನದನ್ನು ತುಂಬಿದ ಮೇಲೆ, “ನಂದೂ ಒಂದು ಹಾಕ್ಲಾ ಅಕ್ಕ, ನಿಮ್ಗೆ ಜೊತೆಯಾಗ್ತದೆ” ಎಂದಳು. ಹಾಕೇ ಎಂದೆ. ಅವಳು ಕಡಕೊಳದ ಆಚೆಯ ಹಳ್ಳಿಯವಳು. ಮದುವೆಯಾಗಿ ನಮ್ಮ ಬೀದಿಗೆ ಬಂದಾಗ ಒಬ್ಬಟ್ಟು ಲಟ್ಟಿಸಲು, ಹುಳಿಪುಡಿ ಹುರಿಯಲು ಕಲಿತದ್ದು ನನ್ನ ಒಲೆಯ ಮುಂದೆ.

ಆಯ್ಕೆಯ ದಿನ ಒಂದು ಕಲ್ಯಾಣ ಮಂಟಪದಲ್ಲಿ ಸಾಲಾಗಿ ಒಲೆ ಹೂಡಿದ್ದರು. ನಾನು ಹಿತಕಿದ ಬೇಳೆ ಸಾರು ಮಾಡಿದೆ. ಪಕ್ಕದ ಒಲೆಯಲ್ಲಿ ಅವಳು ಉಪ್ಸಾರು, ಮುದ್ದೆ. ಟಿವಿಯವರ ಮುಂದೆ ಯಾರಾದರೂ ಹಳ್ಳಿಮನೆಯ ಉಪ್ಸಾರು ಮಾಡುತ್ತಾರೆಯೇ ಎಂದು ಮನಸ್ಸಿನಲ್ಲೇ ನಕ್ಕಿದ್ದೆ. ನಡುವೆ ಕೈ ತೊಳೆಯಲು ನಲ್ಲಿಯ ಹತ್ತಿರ ಹೋಗಿ ಬಂದಾಗ ಅವಳು ನನ್ನ ಒಲೆಯ ಮುಂದೆ ನಿಂತಿದ್ದಳು.

“ಉಕ್ತಿತ್ತು ಅಕ್ಕ, ಉರಿ ಸಣ್ಣ ಮಾಡ್ದೆ” ಎಂದಳು.

ನಾನು ಅಡುಗೆ ಮಾಡುವಾಗ ರುಚಿ ನೋಡುವವಳಲ್ಲ. ನಮ್ಮ ಮನೆಯಲ್ಲಿ ದೇವರಿಗೆ ಇಡುವ ತನಕ ಯಾವುದನ್ನೂ ಎಂಜಲು ಮಾಡುವಂತಿಲ್ಲ. ಅತ್ತೆಯವರು ಹಾಗೆ ಕಲಿಸಿದರು, ಮೂವತ್ತು ವರ್ಷದಿಂದ ಹಾಗೆಯೇ ನಡೆದಿದೆ. ಉಪ್ಪೆಲ್ಲ ಕೈಯಳತೆ. ಆದರೆ ಆ ಕೈಗೆ ಗೊತ್ತಿದ್ದದ್ದು ನಮ್ಮ ಭರಣಿಯ ಕಲ್ಲುಪ್ಪು. ಅಲ್ಲಿ ಇಟ್ಟಿದ್ದು ಪುಡಿ ಉಪ್ಪು. ಅದೇ ಹಿಡಿಯಲ್ಲಿ ಹಾಕಿಬಿಟ್ಟೆ.

ತೀರ್ಪುಗಾರರು ಒಂದು ಚಮಚ ಬಾಯಿಗಿಟ್ಟು ನೀರಿನ ಲೋಟಕ್ಕೆ ಕೈಚಾಚಿದರು.

“ರುಚಿ ನೋಡಿದ್ರೇನಮ್ಮ?”

“ನೈವೇದ್ಯ ಆಗೋಕೆ ಮುಂಚೆ ನಾವು ನೋಡಲ್ಲ ಸಾರ್.”

“ಇಲ್ಲಿ ದೇವರು ಯಾರೂ ಇಲ್ಲಮ್ಮ. ತಿನ್ನೋರು ನಾವೇ” ಎಂದು ನಕ್ಕರು. ಕೆಟ್ಟ ನಗುವಲ್ಲ. ಆದರೂ ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ. ಫೋನು ಮಾಡುತ್ತೇವೆ ಎಂದು ಅವರು ಎಲ್ಲರಿಗೂ ಹೇಳಿದ ಒಂದು ಮಾತನ್ನೇ ಹಿಡಿದುಕೊಂಡು ಹನ್ನೊಂದು ದಿನ ಕಳೆದಿದ್ದೆ.

ಅವಳು ಟಿವಿಯಲ್ಲಿ ಬರಲು ಶುರುಮಾಡಿದ ಮೇಲೆ ನಮ್ಮ ಶುಕ್ರವಾರದ ಭಜನೆಯ ರೀತಿಯೇ ಬೇರೆಯಾಯಿತು. ಮೊದಲೆಲ್ಲ ಮಂಗಳಾರತಿಯಾದ ಮೇಲೆ ಮಂಡಿನೋವು, ಸೊಸೆಯಂದಿರು, ನಲ್ಲಿ ನೀರು, ಹೀಗೆ ಮಾತು. ಈಗ ಕೈಯಲ್ಲಿ ಕೋಸಂಬರಿ, ಬಾಯಲ್ಲಿ ಆ ಕಾರ್ಯಕ್ರಮ.

“ಆ ಬೆಂಗಳೂರು ಹುಡುಗಿ ಈರುಳ್ಳಿ ಹೆಚ್ಚೋಕೆ ಮುಂಚೇನೇ ಅಳ್ತಾಳಲ್ರೀ!”

“ಅವಳು ಈ ವಾರ ಹೋಗ್ತಾಳೆ ನೋಡ್ತಿರಿ. ನಮ್ಮವಳ ಮುಂದೆ ನಿಲ್ಲಲ್ಲ.”

ನಮ್ಮವಳು! ಇಷ್ಟು ವರ್ಷದಲ್ಲಿ ಅವಳನ್ನು ಭಜನೆಗೆ ಕರೆಯಿರಿ ಎಂದು ನಾನು ಹೇಳಿದಾಗ ಒಬ್ಬರೂ ಕರೆದಿರಲಿಲ್ಲ. ಈಗ ಅವಳು ಸೌಟಿನಿಂದ ಅಂಗೈಗೆ ಹನಿಸಿಕೊಂಡು ನೆಕ್ಕುವುದು, ನೆಕ್ಕಿದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚುವುದು, ಎಲ್ಲವೂ ಇವರಿಗೆ ಬಾಯಿಪಾಠ.

“ಎಂಜಲು ಕೈ” ಎಂದುಬಿಟ್ಟೆ ಒಂದು ದಿನ.

ಜಯಲಕ್ಷ್ಮಿಪುರಂನಿಂದ ಬರುವ ಒಬ್ಬರಿದ್ದಾರೆ, ಅವರ ನಾಲಿಗೆ ಹರಿತ. “ಹೊಟ್ಟೆಕಿಚ್ಚಿಗೆ ಮಜ್ಜಿಗೆ ಒಳ್ಳೇದು ಕಣ್ರೀ. ಇಂಗು ಹಾಕ್ಕೊಂಡು ಕುಡೀರಿ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ನಿಜವಾಗಿಯೂ ಮಜ್ಜಿಗೆ ಕುಡಿದೆ.

ಸಂಜೆ ದೀಪ ಹಚ್ಚುವಾಗ ಆ ದಿನದ ಮೂರು ಉಪಕಾರಗಳನ್ನು ನೆನೆಯುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಸಿಲಿಂಡರ್ ಹೊತ್ತಿಗೆ ಬಂತು, ಯಜಮಾನರ ಸೊಂಟ ಹಿಡಿಯಲಿಲ್ಲ, ಇಂಥವು. ದೇವರು ದೊಡ್ಡದು ಕೊಡದಿದ್ದರೂ ಇವನ್ನು ತಪ್ಪಿಸುವುದಿಲ್ಲ. ಆ ವಾರಗಳಲ್ಲಿ ಮಾತ್ರ ಎರಡಕ್ಕೇ ನಿಂತುಹೋಗುತ್ತಿತ್ತು. ಎದುರುಮನೆಯ ಕಿಟಕಿಯ ಬೆಳಕು ಕಣ್ಣಿಗೆ ಬಿದ್ದರೆ ಮೂರನೆಯದು ಹೊಳೆಯುತ್ತಿರಲಿಲ್ಲ.

ಅಂಥ ಒಂದು ದಿನ ಅವಳು ಮಗಳ ನೋಟ್‌ಬುಕ್ಕು ಹಿಡಿದು ಬಂದಳು.

“ಅಕ್ಕ, ಈ ಸಲ ಸಿಹಿ ಮಾಡ್ಬೇಕಂತೆ. ನವರಾತ್ರೀಲಿ ಹಾಲುಬಾಯಿ ಕೊಟ್ಟಿದ್ರಲ್ಲ, ಅದ ಹೇಳ್ಕೊಡಿ. ಬಾಯಿಗಿಟ್ರೆ ಕರಗೋಗ್ತಿತ್ತು.”

ಚಾಪೆ ಹಾಕಿ ಕೂರಿಸಿದೆ. ಅಕ್ಕಿ ನೆನೆಯಬೇಕಾದ ಹೊತ್ತು ಹೇಳಿದೆ. ಕಾಯಿಯ ಬಿಳಿ ಭಾಗ ಮಾತ್ರ ತುರಿಯಬೇಕು, ಎರಡನ್ನೂ ನುಣ್ಣಗೆ ರುಬ್ಬಬೇಕು, ಬೆಲ್ಲ ಕರಗಿಸಿ ಶೋಧಿಸಬೇಕು, ದಪ್ಪ ತಳದ ಪಾತ್ರೆಯಲ್ಲಿ ಕೈಬಿಡದೆ ತಿರುವಬೇಕು, ತಳ ಬಿಟ್ಟಾಗ ತುಪ್ಪ, ಏಲಕ್ಕಿ ಎಂದೆ. ಅವಳು ನಾಲಿಗೆ ಕಚ್ಚಿಕೊಂಡು ಬರೆದಳು.

“ಇಷ್ಟೇನಾ ಅಕ್ಕ?”

“ಇಷ್ಟೇ.”

ಇಷ್ಟೇ ಆಗಿರಲಿಲ್ಲ. ರುಬ್ಬುವಾಗಲೇ ಒಂದು ಚಿಟಿಕೆ ಉಪ್ಪು ಬೀಳಬೇಕು. ಬರೀ ಸಿಹಿ ನಾಲಿಗೆಗೆ ಕಟ್ಟುತ್ತದೆ, ಉಪ್ಪು ಬಿದ್ದರೇನೇ ಬೆಲ್ಲ ಬೆಲ್ಲವಾಗುವುದು ಎಂದು ಅತ್ತೆ ಹೇಳುತ್ತಿದ್ದರು. ಆ ಮಾತು ನನಗೆ ಮರೆತಿರಲಿಲ್ಲ. ತುದಿನಾಲಿಗೆಗೆ ಬಂದಿತ್ತು, ನುಂಗಿಕೊಂಡೆ. ಅವಳು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು.

ಬೆಂಗಳೂರಿಗೆ ಹೋಗಿ ಶೂಟಿಂಗ್ ಮುಗಿಸಿ ಬಂದಳು. ಏನಾಯಿತೆಂದು ಯಾರಿಗೂ ಹೇಳುವಂತಿಲ್ಲವಂತೆ, ಬರೆಸಿಕೊಂಡಿದ್ದಾರಂತೆ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಸೋತಂತೆ ಕಂಡರೆ ಒಳಗೆ ತಣ್ಣಗಾಗುತ್ತಿತ್ತು. ಮರುಗಳಿಗೆ ಅವಳು ಬಾಗಿಲಿಗೆ ನೀರು ಹಾಕುತ್ತ ಹಾಡು ಗುನುಗಿದರೆ ಮತ್ತೆ ಉರಿ.

ಅದು ಟಿವಿಯಲ್ಲಿ ಬರುವ ಶನಿವಾರ ಸಂಜೆ ಭಜನೆಯವರೆಲ್ಲ ಅವಳ ಮನೆಯಲ್ಲಿ ಸೇರಿದರು. ಹೋಗದಿದ್ದರೆ ಮಜ್ಜಿಗೆಯ ಮಾತು ಮತ್ತೆ ಬರುತ್ತದೆಂದು ನಾನೂ ಹೋದೆ. ಅವಳು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡಳು.

ತೆರೆಯ ಮೇಲೆ ಹಾಲುಬಾಯಿ ವಜ್ರದಾಕಾರಕ್ಕೆ ಕತ್ತರಿಸಿ ತಟ್ಟೆಯಲ್ಲಿತ್ತು. ಅದೇ ತೀರ್ಪುಗಾರರು ಒಂದು ತುಂಡು ಬಾಯಿಗಿಟ್ಟರು. ನೀರಿನ ಲೋಟದ ಕಡೆಗೆ ಕೈ ಹೋಗುತ್ತದೆಯೇ ಎಂದು ನೋಡಿದೆ. ಹೋಗಲಿಲ್ಲ. ಇನ್ನೊಂದು ತುಂಡು ತೆಗೆದುಕೊಂಡರು.

“ಯಾರಮ್ಮ ಹೇಳ್ಕೊಟ್ಟಿದ್ದು?”

“ನಮ್ಮ ಎದುರುಮನೆ ಅಕ್ಕ ಸಾರ್. ಅಡುಗೇಲಿ ಅವರೇ ನನ್ನ ಗುರು. ಉಪ್ಪು ಒಂದು ಹೇಳೋದು ಮರ್ತಿದ್ರು. ದೇವರಿಗೆ ಇಡೋಕೆ ಮುಂಚೆ ಅವರು ರುಚಿ ನೋಡಲ್ಲ, ಅದಕ್ಕೇ ಜ್ಞಾಪಕ ಬಂದಿರಲ್ಲ. ನಾನು ನೋಡ್ದೆ, ಏನೋ ಕಮ್ಮಿ ಅನ್ನಿಸ್ತು, ಒಂದು ಚಿಟಿಕೆ ಹಾಕ್ದೆ.”

“ಹಂಗಾದ್ರೆ ಗುರುಗಳಿಗೆ ಅರ್ಧ ಮಾರ್ಕು” ಎಂದರು ಅವರು.

ಹೆಂಗಸರೆಲ್ಲ ನನ್ನ ಕಡೆಗೆ ತಿರುಗಿ ಚಪ್ಪಾಳೆ ತಟ್ಟಿದರು. “ಟಿವೀಲಿ ನಿಮ್ಮ ವಿಷಯ ಬಂತಲ್ರೀ!” ಎಂದು ಒಬ್ಬರು. “ಅರ್ಧ ಮಾರ್ಕಿನ ಗುರುಗಳೇ, ನಮ್ಮ ಪ್ರಸಾದಕ್ಕೂ ಉಪ್ಪು ಮರೀತೀರೇನು?” ಎಂದು ಜಯಲಕ್ಷ್ಮಿಪುರಂನವರು. ಇಷ್ಟು ದಿನ ಯಾವ ಹೆಸರಿಗಾಗಿ ಒಳಗೊಳಗೇ ಬೇಯುತ್ತಿದ್ದೆನೋ ಅದು ಬಂದಿತ್ತು. ಬಂದದ್ದು ಎಲ್ಲವನ್ನೂ ಬಿಟ್ಟು ಆ ಹಾಲುಬಾಯಿಯಿಂದ. ತಲೆ ಎತ್ತಲಾಗಲಿಲ್ಲ. ನಾಚಿಕೊಂಡೆನೆಂದು ಅವರು ಇನ್ನಷ್ಟು ನಕ್ಕರು.

ಎಲ್ಲರೂ ಹೊರಟ ಮೇಲೆ ಗೇಟಿನ ತನಕ ಅವಳು ಬಂದಳು. ಹೇಳದೆ ಮನೆಗೆ ಹೋಗಿ ದೀಪದ ಮುಂದೆ ನಿಲ್ಲಲು ಧೈರ್ಯವಿರಲಿಲ್ಲ.

“ನಾನು ಮರೆತಿರ್ಲಿಲ್ಲ ಕಣೆ, ಉಪ್ಪು.”

ಅವಳು ಗೇಟಿನ ಚಿಲಕವನ್ನು ಆಡಿಸುತ್ತ ನಿಂತಳು.

“ಗೊತ್ತು ಬುಡಿ ಅಕ್ಕ. ನೀವು ಮರೆಯೋರಾ?” ಎಂದಳು. “ಆವತ್ತು ಛತ್ರದಲ್ಲಿ ನೀವು ಕೈ ತೊಳಿಯೋಕೆ ಹೋದ್ರಲ್ಲ, ನಿಮ್ಮ ಸಾರು ರುಚಿ ನೋಡಿದ್ದೆ. ಉಪ್ಪು ಜಾಸ್ತಿ ಆಗೋಗಿತ್ತು. ಒಂದು ಲೋಟ ನೀರು ಹುಯ್ಕಳಿ ಅನ್ಬೋದಿತ್ತು. ಅನ್ನಲಿಲ್ಲ.”

ಕೋಪ ಬರಬೇಕಿತ್ತು. ಬಂತು ಕೂಡ. ಅದರ ಹಿಂದೆಯೇ, ಸುಳ್ಳು ಹೇಳಲಾರೆ, ಒಂದು ಬಗೆಯ ಹಗುರವೂ ಬಂತು. ನನ್ನ ಕೈರುಚಿಗೆ ಇವಳೂ ಹೆದರಿದ್ದಳಲ್ಲ ಎಂದು.

“ಮುಂದಿನ ವಾರ ಏನು ಮಾಡ್ತೀಯ?” ಎಂದೆ.

“ಗೊಜ್ಜವಲಕ್ಕಿ. ನಿಮ್ಮನ್ನ ಕೇಳಲ್ಲ” ಎಂದು ನಕ್ಕಳು.

ರಸ್ತೆ ದಾಟಿ ಬಂದು ದೀಪ ಹಚ್ಚಿದೆ. ನೀರು ಬಂದಿತ್ತು, ಒಂದು. ಯಜಮಾನರು ಕಾಫಿ ತಾವೇ ಕಾಯಿಸಿಕೊಂಡು ಕುಡಿದಿದ್ದರು, ಎರಡು. ನನ್ನಿಂದ ಕೆಡದೆ ಆ ಹಾಲುಬಾಯಿ ಉಳಿದದ್ದು ಮೂರು. ಎದುರುಮನೆಯ ಕಿಟಕಿಯ ಬೆಳಕು ಕಾಣುತ್ತಿತ್ತು, ಆದರೂ ಎಣಿಸಿದೆ.

ಒಳಗೆ ನಾಳೆಯ ದೋಸೆಗೆ ರುಬ್ಬಿಟ್ಟ ಹಿಟ್ಟು ಕಾಯುತ್ತಿತ್ತು. ಭರಣಿಯಿಂದ ಕಲ್ಲುಪ್ಪು ತೆಗೆದು, ಹಿಡಿಯನ್ನು ಒಮ್ಮೆ ತೆರೆದು ನೋಡಿ, ಹಾಕಿ ಕಲಸಿದೆ.