ನೀಲಮ್ಮ ಅಕ್ಕೋರೂ ನನ್ನ ತಂಗಿಯ ಜಡೆಯೂ

ಸೆರಗಿನ ತುದಿಗೆ ಬೀಗದ ಕೈ ಕಟ್ಟಿಕೊಂಡ ಹೆಂಗಸರನ್ನು ಬೇಕಾದಷ್ಟು ಕಂಡಿದ್ದೆ. ಸೀಟಿ ಕಟ್ಟಿಕೊಂಡವರೆಂದರೆ ನೀಲಮ್ಮ ಅಕ್ಕೋರೊಬ್ಬರೇ. ಇಸವಿ ಅರವತ್ತರ ಆಚೀಚೆ ಹಾವೇರಿ ಕಡೆಯಿಂದ ಶಿರಸಿಯ ಶಾಲೆಗೆ ಟೀಚರಾಗಿ ಬಂದು, ಹುಡುಗಿಯರ ಗೈಡ್ಸ್ ದಳ ಕಟ್ಟಿದರು. ಶನಿವಾರ ಬೆಳಿಗ್ಗೆ ಅವರು ಸೀಟಿ ಊದಿದರೆ ನನ್ನ ತಂಗಿ ಶಾರದೆ ಅರ್ಧ ದೋಸೆ ಬಿಟ್ಟು ಓಡುತ್ತಿದ್ದಳು. ನಾನು ಹತ್ತು ಸಲ ಕೂಗಿದರೂ ಏಳದವಳು!

ಅಮ್ಮ ತೀರಿಕೊಂಡಾಗ ಅವಳಿಗೆ ಎರಡು ವರ್ಷ. ಅವಳನ್ನು ಎತ್ತಿಕೊಳ್ಳಲೆಂದೇ ನನ್ನ ಶಾಲೆ ಮೂರನೇ ಇಯತ್ತೆಗೆ ಮುಗಿಯಿತು. ದಿನಾ ಅವಳಿಗೆ ಎರಡು ಜಡೆ ಹಾಕುವುದು ನನ್ನ ಕೆಲಸ. ಕೆಲಸವೇನು, ನನ್ನ ಆಸ್ತಿ.

ಒಂದು ದಿನ ಬಾಚಣಿಗೆ ಹಿಡಿದು ಕೂತರೆ, "ಬ್ಯಾಡ ಅಕ್ಕಾ, ಆನೇ ಹಾಕ್ಕತ್ತೆ. ಜಡೆ ಹಾಕ್ಕಂಬಲೆ ಬರದೇ ಇದ್ದವ್ರು ಶಿಬಿರಕ್ಕೆ ಬಪ್ಪಲಿಲ್ಲೆ ಹೇಳಿ ಅಕ್ಕೋರು ಹೇಳಿದ್ರು" ಅಂದಳು. ತಾನೇ ಹಾಕಿಕೊಂಡಳು: ಬೈತಲೆ ಸೊಟ್ಟ, ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯಲ್ಲಿ. ಹಿಡಿದು ಕೂರಿಸಿ, ಬಿಚ್ಚಿ, ನಾನೇ ಹಾಕಿದೆ. ಅವಳು ಅಂಗಳಕ್ಕಿಳಿದು ಅದನ್ನೂ ಬಿಚ್ಚಿ, ತನ್ನ ಸೊಟ್ಟ ಜಡೆಯನ್ನೇ ಹಾಕಿಕೊಂಡು ಹೋದಳು.

ಸಂಜೆ ಜಗಳಕ್ಕೆಂದೇ ಅಕ್ಕೋರ ಕೋಣೆಗೆ ಹೋದೆ. ಅವರು ಕೂದಲು ಬಿಚ್ಚಿ ಕೂತಿದ್ದರು. "ಬಾರವ್ವಾ. ಬೈಯಾಕ ಬಂದೀ, ಮಾರಿ ನೋಡಿದ್ರ ಗೊತ್ತಾಕ್ಕೈತಿ. ಬೈಕೋತ ನನಗೊಂದು ಜಡಿ ಹಾಕು. ನೀರು ಸೇದಿ ಸೇದಿ ತೋಳು ಮ್ಯಾಲೆ ಏಳವಲ್ದು."

ಬೈಯುತ್ತಲೇ ಬಾಚಿದೆ. ನನ್ನ ತಂಗಿಯನ್ನು ಕಸಿದುಕೊಂಡಿರಿ ಅಂದೆ. ಅವರು ತಲೆ ಅಲುಗಿಸಲಿಲ್ಲ.

"ಮುಂದಿನ ತಿಂಗಳು ನಿನ್ನ ಮದುವಿ. ನೀ ಯಲ್ಲಾಪುರಕ್ಕ ಹೋದ ಮ್ಯಾಲೆ ಆಕಿ ತಲಿ ಯಾರು ಬಾಚ್ತಾರ? ಇದನ್ನ ಆಕೀನ ಬಂದು ಕೇಳಿದ್ಲು, ಅಳಕೋತ. ಅಕ್ಕ ಚಿಂತಿ ಇಲ್ದಂಗ ಹೋಗ್ಲಿ, ನನಗ ಕಲಿಸ್ರಿ ಅಂದ್ಲು. ನೇಮ ನಂದು, ಹಟ ಆಕಿದು."

ನನ್ನ ಕೈ ನಿಂತಿತು.

"ಬಿಗಿ ಹಾಕವ್ವಾ," ಅಂದರು, "ನಾಳೆ ಕವಾಯತೈತಿ."

ಗಂಡನ ಮನೆಗೆ ಹೊರಟ ಬೆಳಿಗ್ಗೆ ಶಾರದೆ ನನ್ನ ತಲೆ ಬಾಚಿದಳು. ಬೈತಲೆ ದಾರ ಹಿಡಿದ ಹಾಗೆ ನೆಟ್ಟಗಿತ್ತು. ಬಸ್ಸಿನ ಹತ್ತಿರ ಅವಳು ಅಳಲಿಲ್ಲ, ನಾನು ಅತ್ತೆ. ಅವಳ ಹೆಗಲ ಮೇಲೆ ಅಕ್ಕೋರ ಕೈ ಕಂಡು ಇನ್ನಷ್ಟು ಅತ್ತೆ. ಅವರನ್ನು ಕಡೆಯದಾಗಿ ಕಂಡದ್ದು ಹಾಗೆಯೇ: ನನ್ನ ಜಾಗದಲ್ಲಿ ನಿಂತದ್ದು.

ನೀಲಮ್ಮ ಅಕ್ಕೋರು ಈಗಿಲ್ಲ. ಮೊನ್ನೆ ಮೊಮ್ಮಗಳು ತನ್ನ ಶಾಲೆಯ ದಳ ಸೇರಿ, ಕೊರಳಿಗೆ ಸ್ಕಾರ್ಫು ಸುತ್ತಿಕೊಂಡು ಬಂದಳು. ಖುಷಿ ತಡೆಯಲಾರದೆ ಮನೆಯವರಿಗೆಲ್ಲ ಎರಡೆರಡು ಸಲ ಹೇಳಿದೆ, ಸಾಲದೆಂದು ಹಾಲಿನವಳಿಗೂ. ಇವತ್ತು ಬಾಚಣಿಗೆ ತೆಗೆದರೆ, "ಅಜ್ಜೀ, ಆನೇ ಹಾಕ್ಕತ್ತೆ" ಅನ್ನುತ್ತಾಳೆ!

ಇವಳ ಅಕ್ಕೋರು ಯಾರೋ, ಹೋಗಿ ಬೈದು ಬರಬೇಕು. ಬಾಚಣಿಗೆ ಕೈಯಲ್ಲೇ ಇರಲಿ.